ಮಿದುಳು ನೊಂದರೆ ಹೃದಯ ಬಳಲುವುದೇಕೆ?

ಕನ್ನಡ ನುಡಿಯಲ್ಲಿ ಎದೆಯನ್ನು ಕುರಿತ ಮಾತುಗಳಿಗೆ ಲೆಕ್ಕವಿಲ್ಲ. ಹೆದರಿದಾಗ ಎದೆ ಝಲ್ಲೆನ್ನುತ್ತದೆ, ಅಳುಕಿದಾಗ ಎದೆಗುಂದುತ್ತೇವೆ, ಮಗನನ್ನು ಕಳೆದುಕೊಂಡ ತಾಯಿಯ ಎದೆ ಬಿರಿಯುತ್ತದೆ. ಗಂಡ ತೀರಿಕೊಂಡ ಹದಿನೈದೇ ದಿನಕ್ಕೆ ಹೆಂಡತಿಯೂ ಹೋದಳೆಂದರೆ ‘ಎದೆಯೊಡೆದುಕೊಂಡೇ ಹೋದಳು’ ಎಂದು ಊರವರು ನಿಟ್ಟುಸಿರಿಡುತ್ತಾರೆ. ಶರೀರಶಾಸ್ತ್ರವನ್ನು ಓದಿದವರು ಬಹುಕಾಲ ಇಂಥ ಮಾತುಗಳನ್ನು ಕೇಳಿ ನಕ್ಕು ಸುಮ್ಮನಾಗುತ್ತಿದ್ದರು. ಹೃದಯವೆಂಬುದು ರಕ್ತವನ್ನು ನೂಕುವ ಒಂದು ಪಂಪು. ದುಃಖ, ಭಯ, ಕಳವಳಗಳೆಲ್ಲ ಮಿದುಳಿನ ವ್ಯಾಪಾರ. ಇವೆರಡಕ್ಕೂ ಗಂಟುಹಾಕುವುದು ಕವಿಗಳ ಕೆಲಸ ಎಂಬುದು ಅವರ ನಿಲುವಾಗಿತ್ತು. ಕಳೆದ ಮೂರು ದಶಕಗಳಲ್ಲಿ ಆ ನಿಲುವು ಬಹುಮಟ್ಟಿಗೆ ಸಡಿಲಗೊಂಡಿದೆ. ಮಿದುಳಿನಲ್ಲಿ ಎದ್ದ ಬಿರುಗಾಳಿ ಹೃದಯದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ನಿಸ್ತೇಜಗೊಳಿಸಬಲ್ಲುದೆಂಬುದು ಈಗ ಎಕೋ ಯಂತ್ರದ ಪರದೆಯ ಮೇಲೆ ಕಣ್ಣಾರೆ ಕಾಣುವ ಸಂಗತಿ.

ಈ ತಿಂಗಳು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಪಾರ್ಶ್ವವಾಯು ಬಡಿದ ಹಿರಿಯರೊಬ್ಬರೋ, ಅಪಸ್ಮಾರಕ್ಕೆ ಮಾತ್ರೆ ನುಂಗುವ ಮಗುವೊಂದೋ, ಕೈನಡುಕದ ಪಾರ್ಕಿನ್ಸನ್ ರೋಗಿಯೊಬ್ಬರೋ ಇಲ್ಲದ ಬಂಧುಬಳಗ ನಮ್ಮಲ್ಲಿ ಅಪರೂಪ. ಅಂಥ ಮನೆಗಳಲ್ಲಿ ಎಲ್ಲರ ಗಮನವೂ ಸಹಜವಾಗಿಯೇ ರೋಗಿಯ ಕೈಕಾಲಿನ ಮೇಲೆ, ಮಾತಿನ ಮೇಲೆ, ನೆನಪಿನ ಮೇಲೆ ಇರುತ್ತದೆ. ಎದೆಯ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ‘ಮಿದುಳಿಗೆ ನಿಮ್ಹಾನ್ಸ್, ಹೃದಯಕ್ಕೆ ಜಯದೇವ’ ಎಂದು ನಮ್ಮ ಜನ ಶರೀರವನ್ನು ಎರಡು ಪಾಲು ಮಾಡಿಟ್ಟುಕೊಂಡಿದ್ದಾರೆ. ಆಸ್ಪತ್ರೆಗಳು ಬೇರೆಬೇರೆಯಾಗಿರುವುದು ಚಿಕಿತ್ಸೆಯ ಅನುಕೂಲಕ್ಕಾಗಿ. ದೇಹದೊಳಗೆ ಅಂಥ ಗೋಡೆಯೇನೂ ಇಲ್ಲ.

ಮೊದಲು ಜಪಾನಿನ ಕತೆಯನ್ನು ಹೇಳಬೇಕು. ೧೯೯೦ರಲ್ಲಿ ಹಿರೋಷಿಮಾದ ಡಾ. ಹಿಕಾರು ಸಾಟೊ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ಹೃದ್ರೋಗವನ್ನು ವರ್ಣಿಸಿದರು. ಎದೆನೋವೆಂದು ಬಂದ ರೋಗಿಗಳ ಇ.ಸಿ.ಜಿ. ನೋಡಿದರೆ ಸಾಕ್ಷಾತ್ ಹೃದಯಾಘಾತ. ಆದರೆ ಆಂಜಿಯೋಗ್ರಾಂ ಮಾಡಿದಾಗ ಹೃದಯಕ್ಕೆ ರಕ್ತವೊಯ್ಯುವ ಧಮನಿಗಳಲ್ಲಿ ಎಲ್ಲಿಯೂ ಅಡಚಣೆಯಿಲ್ಲ. ಎಡ ಹೃತ್ಕುಕ್ಷಿಯ ತಳಭಾಗ ಮಾತ್ರ ಸಂಕುಚಿಸದೆ ಬಲೂನಿನಂತೆ ಉಬ್ಬಿನಿಂತಿದೆ, ಮೇಲ್ಭಾಗದ ಕೊರಳು ಬಿಗಿಯಾಗಿ ಹಿಸುಕಿಕೊಳ್ಳುತ್ತಿದೆ. ಜಪಾನಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕಿಳಿಸುವ, ತಳ ದುಂಡಗಿದ್ದು ಕೊರಳು ಕಿರಿದಾದ ಗಡಿಗೆಯ ಆಕಾರವೇ ಅದು. ಆ ಗಡಿಗೆಗೆ ಅವರ ಭಾಷೆಯಲ್ಲಿ ‘ಟಾಕೊತ್ಸುಬೊ’ ಎಂದು ಹೆಸರು. ರೋಗಕ್ಕೂ ಅದೇ ಹೆಸರಾಯಿತು. ನಮ್ಮವರು ಮೊದಲು ಕಂಡಿದ್ದರೆ ತಂಬಿಗೆಗೆ ಹೋಲಿಸುತ್ತಿದ್ದರೇನೋ! ಇರಲಿ. ಅದಕ್ಕಿಂತ ಅಚ್ಚರಿಯೆಂದರೆ ಕೆಲವು ವಾರಗಳೊಳಗೆ ಆ ಉಬ್ಬು ಇಳಿದು, ಬಹುಪಾಲು ರೋಗಿಗಳ ಹೃದಯ ಮೊದಲಿನಂತೆ ಬಡಿಯತೊಡಗಿತು. ೨೦೦೪ರ ಅಕ್ಟೋಬರಿನಲ್ಲಿ ಜಪಾನಿನ ನಿಗಾಟಾ ಪ್ರಾಂತ್ಯದಲ್ಲಿ ಭೂಕಂಪವಾದಾಗ ಅಲ್ಲಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಎಂದಿಗಿಂತ ಹೆಚ್ಚಾಗಿ ಬಂದರು.

ಮರುವರ್ಷ, ಎಂದರೆ ೨೦೦೫ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು ಇಂಥ ೧೯ ರೋಗಿಗಳ ರಕ್ತವನ್ನು ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದರು. ಒಬ್ಬರಿಗೆ ಆಪ್ತರ ಸಾವಿನ ಸುದ್ದಿ, ಇನ್ನೊಬ್ಬರಿಗೆ ದರೋಡೆಯ ಭಯ, ಮತ್ತೊಬ್ಬರಿಗೆ ಅಚ್ಚರಿಗೊಳಿಸಲೆಂದು ಗೆಳೆಯರು ಏರ್ಪಡಿಸಿದ ಸಂತೋಷಕೂಟ ನೆಪವಾಗಿತ್ತು. ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳು ಈ ರೋಗಿಗಳ ರಕ್ತದಲ್ಲಿ ನಿಜವಾದ ಹೃದಯಾಘಾತವಾದವರಲ್ಲಿ ಇರುವುದಕ್ಕಿಂತ ಎರಡು ಮೂರು ಪಟ್ಟು, ಆರೋಗ್ಯವಂತರಲ್ಲಿ ಇರುವುದಕ್ಕಿಂತ ೭ರಿಂದ ೩೪ ಪಟ್ಟು ಹೆಚ್ಚಾಗಿದ್ದವು. ಮುಂದೆ ೨೦೧೬ರಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂತು. ಭಾವೋದ್ವೇಗದಿಂದ ಈ ತೊಂದರೆಗೊಳಗಾದ ೪೮೫ ಜನರಲ್ಲಿ ೨೦ ಜನರಿಗೆ ಕಾರಣವಾದದ್ದು ದುಃಖವಲ್ಲ, ಮದುವೆ, ಹುಟ್ಟುಹಬ್ಬದಂಥ ಸಂತೋಷದ ಸಂದರ್ಭ. ಹೃದಯದ ಮಟ್ಟಿಗೆ ಅತಿಹರ್ಷವೂ ಅತಿಶೋಕವೂ ಒಂದೇ ಬಾಗಿಲಿನಿಂದ ಬರುತ್ತವೆಂದಾಯಿತು.

ಆದರೆ ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಸಾಕ್ಷ್ಯ ಇದಕ್ಕಿಂತ ಬಹಳ ಹಳೆಯದು. ೧೯೫೪ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಡಾ. ಜಾರ್ಜ್ ಬರ್ಚ್ ಮತ್ತು ಸಂಗಡಿಗರು ಮಿದುಳಿನ ರಕ್ತಸ್ರಾವ, ಪಾರ್ಶ್ವವಾಯುಗಳಿಗೆ ಒಳಗಾದವರ ಇ.ಸಿ.ಜಿ.ಯಲ್ಲಿ ಹೃದಯಾಘಾತವನ್ನೇ ನೆನಪಿಸುವಂಥ ದೊಡ್ಡದೊಡ್ಡ ಅಲೆಗಳನ್ನು ಗುರುತಿಸಿದ್ದರು. ಇವರು ಎದೆನೋವೆಂದು ಬಂದವರಲ್ಲ, ತಲೆಯ ಬೇನೆಗೆ ಬಂದವರು. ಹಾಗಾದರೆ ಹೃದಯದ ರೇಖೆಗಳು ಕದಡಿದ್ದೇಕೆ? ಅದಕ್ಕೂ ಮೊದಲು, ೧೯೪೨ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು ಮಾಟಮಂತ್ರಕ್ಕೆ ಗುರಿಯಾದೆನೆಂಬ ಭಯದಿಂದಲೇ ಆರೋಗ್ಯವಂತನೊಬ್ಬ ಪ್ರಾಣಬಿಡುವ ಪ್ರಸಂಗಗಳನ್ನು ಕುರಿತು ಲೇಖನ ಬರೆದು, ಅದರ ಮೂಲ ನರಮಂಡಲದ ಮಿತಿಮೀರಿದ ಉದ್ರೇಕದಲ್ಲಿರಬಹುದೆಂದು ಊಹಿಸಿದ್ದರು. ಆ ಊಹೆಯನ್ನು ಬಹಳ ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಈಗ ಬರ್ಚರ ಇ.ಸಿ.ಜಿ.ಯನ್ನೂ ಸಾಟೊ ಅವರ ಗಡಿಗೆಯನ್ನೂ ಒಟ್ಟಿಗಿಟ್ಟು ನೋಡಿದರೆ ಎಲ್ಲವೂ ಒಂದೇ ಎಳೆಗೆ ಸೇರುತ್ತವೆ.

ಆ ಎಳೆಯಾವುದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ನಮ್ಮ ಇಚ್ಛೆಗೆ ಕಾಯದೆ ಹೃದಯ, ಶ್ವಾಸ, ಜೀರ್ಣಾಂಗ, ರಕ್ತದೊತ್ತಡಗಳನ್ನು ನಡೆಸುವ ಪ್ರತ್ಯೇಕ ನರವ್ಯವಸ್ಥೆಯೊಂದು ದೇಹದಲ್ಲಿದೆ. ಅದಕ್ಕೆ ಸ್ವಾಯತ್ತ ನರಮಂಡಲವೆಂದು ಹೆಸರು. ಅದರಲ್ಲಿ ಎರಡು ಕವಲು. ಒಂದು ಕವಲು ಕುದುರೆಗೆ ಚಾಟಿಯಿದ್ದಂತೆ, ಹೃದಯವನ್ನು ಓಡಿಸುತ್ತದೆ. ಇನ್ನೊಂದು ಲಗಾಮಿದ್ದಂತೆ, ನಿಧಾನಿಸುತ್ತದೆ. ಚಾಟಿಯನ್ನು ವೈದ್ಯರು ಸಿಂಪಥೆಟಿಕ್ ನರಗಳೆನ್ನುತ್ತಾರೆ, ಲಗಾಮು ಮುಖ್ಯವಾಗಿ ವೇಗಸ್ ನರ. ಚಾಟಿಯೂ ಲಗಾಮೂ ಎರಡೂ ಮಿದುಳಿನ ಕೈಯಲ್ಲಿವೆ. ಮಿದುಳಿನ ತಳದ ಹೈಪೋಥಲಮಸ್, ಮಿದುಳಕಾಂಡ, ಕಿವಿಯ ಮೇಲ್ಗಡೆ ಮಡಿಕೆಯೊಳಗೆ ಹುದುಗಿರುವ ಇನ್ಸುಲಾ ಎಂಬ ಭಾಗ, ಭಯವನ್ನು ಅರಿಯುವ ಬಾದಾಮಿಯಾಕಾರದ ಅಮಿಗ್ಡಲಾ, ಇವೆಲ್ಲ ಸೇರಿ ಹೃದಯದ ಓಟವನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರುತ್ತವೆ. ರಕ್ತಸ್ರಾವದಿಂದಲೋ ಹೆಪ್ಪುಗಟ್ಟಿದ ರಕ್ತದಿಂದಲೋ ಅಪಸ್ಮಾರದ ಸಿಡಿತದಿಂದಲೋ ಈ ಸ್ಥಾನಗಳಿಗೆ ಪೆಟ್ಟುಬಿದ್ದರೆ ಸಾರಥಿ ಪ್ರಜ್ಞೆತಪ್ಪಿ ಚಾಟಿ ಬೀಸುತ್ತಲೇ ಇದ್ದಂತಾಗುತ್ತದೆ. ಹೃದಯದೊಳಗಿನ ನರತುದಿಗಳು ನಾರ್ ಅಡ್ರಿನಲಿನ್ ಎಂಬ ದ್ರವ್ಯವನ್ನು ಮಿತಿಯಿಲ್ಲದೆ ಸುರಿಸುತ್ತವೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಸ್ನಾಯುಕೋಶಗಳಿಗೆ ಸುಣ್ಣದಂಶ ವಿಪರೀತವಾಗಿ ನುಗ್ಗಿ ಅವು ಬಿಗಿದುಕೊಂಡು ಸ್ತಬ್ಧವಾಗುತ್ತವೆ. ಅಂದರೆ ಹೃದಯ ಸತ್ತಿರುವುದಿಲ್ಲ; ಬಹುಪಾಲು ಬೆರಗುಬಡಿದು ನಿಂತಿರುತ್ತದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವೈದ್ಯರು ಮುಂದಾಳಾಗಿ ನಡೆಸಿದ, ಯುರೋಪು ಮತ್ತು ಅಮೆರಿಕದ ೨೬ ಆಸ್ಪತ್ರೆಗಳ ೧,೭೫೦ ಟಾಕೊತ್ಸುಬೊ ರೋಗಿಗಳನ್ನೊಳಗೊಂಡ ಅಧ್ಯಯನ ೨೦೧೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಶೇಕಡಾ ೯೦ ಜನ ಸ್ತ್ರೀಯರು, ಹೆಚ್ಚಿನವರು ಮುಟ್ಟು ನಿಂತ ವಯಸ್ಸಿನವರು. ಲೋಕದಲ್ಲಿ ಪ್ರಚಾರವಾದದ್ದು ‘ಒಡೆದ ಹೃದಯ’ದ ಕತೆಯಾದರೂ, ಭಾವೋದ್ವೇಗದಿಂದ ಬಂದದ್ದು ಶೇಕಡಾ ೨೮ರಷ್ಟು ಮಂದಿಗೆ, ದೈಹಿಕ ಕಾರಣಗಳಿಂದ ಬಂದದ್ದು ಶೇಕಡಾ ೩೬ ಮಂದಿಗೆ. ಇದಕ್ಕಿಂತ ಗಮನಾರ್ಹವಾದ ಅಂಕಿಯೆಂದರೆ, ಈ ರೋಗಿಗಳಲ್ಲಿ ಶೇಕಡಾ ೫೬ರಷ್ಟು ಜನರಿಗೆ ಆಗಲೇ, ಇಲ್ಲವೇ ಹಿಂದೆ, ನರಸಂಬಂಧವಾದ ಅಥವಾ ಮಾನಸಿಕವಾದ ಬೇನೆಯೊಂದು ಇತ್ತು. ಸಾಮಾನ್ಯ ಹೃದಯಾಘಾತದವರಲ್ಲಿ ಅದು ಶೇಕಡಾ ೨೬ ಮಾತ್ರ. ಅದೇ ಜ್ಯೂರಿಕ್‌ನ ವೈದ್ಯರು ೨೦೧೯ರಲ್ಲಿ, ಈ ರೋಗಿಗಳ ಮಿದುಳಿನಲ್ಲಿ ಭಾವನೆಗಳನ್ನೂ ಸ್ವಾಯತ್ತ ನರಗಳನ್ನೂ ಆಳುವ ಭಾಗಗಳ ನಡುವಣ ಸಂಪರ್ಕವೇ ದುರ್ಬಲವಾಗಿರುವುದನ್ನು ತೋರಿಸಿದರು. ಎದೆಯ ರೋಗವೆಂದು ಹುಡುಕಹೊರಟವರು ಮತ್ತೆ ಮಿದುಳಿನ ಬಾಗಿಲಿಗೇ ಬಂದು ನಿಂತರು.

ನರರೋಗಗಳಲ್ಲೆಲ್ಲ ಹೃದಯಕ್ಕೆ ಅತಿ ದೊಡ್ಡ ಪೆಟ್ಟು ಕೊಡುವುದು ಮಿದುಳಿನ ಪೊರೆಯಡಿಯಲ್ಲಿ ಆಗುವ ರಕ್ತಸ್ರಾವ. ಮಿದುಳಿನ ಧಮನಿಯ ಮೇಲೆ ಗುಳ್ಳೆಯಂತೆ ಉಬ್ಬಿದ್ದ ಜಾಗ ಒಮ್ಮೆಲೆ ಒಡೆಯುತ್ತದೆ. ಜನ್ಮದಲ್ಲಿ ಕಂಡರಿಯದಂಥ ತಲೆನೋವು ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಎರಗುತ್ತದೆ, ವಾಂತಿಯಾಗುತ್ತದೆ, ಕೆಲವರು ಅಲ್ಲಿಯೇ ಕುಸಿಯುತ್ತಾರೆ. ಇಂಥವರಲ್ಲಿ ಸುಮಾರು ಮೂರರಲ್ಲೊಬ್ಬರ ರಕ್ತದಲ್ಲಿ ಹೃದಯಸ್ನಾಯುವಿಗೆ ಪೆಟ್ಟಾದುದನ್ನು ಸೂಚಿಸುವ ಟ್ರೋಪೋನಿನ್ ಅಂಶ ಏರಿರುತ್ತದೆ. ಇಲ್ಲಿಯೇ ದೊಡ್ಡ ಅಪಾಯವೊಂದು ಅಡಗಿದೆ. ಪ್ರಜ್ಞೆತಪ್ಪಿದ ರೋಗಿಯನ್ನು ಆಸ್ಪತ್ರೆಗೆ ತಂದೊಡನೆ ಇ.ಸಿ.ಜಿ. ತೆಗೆಯುತ್ತಾರೆ. ಅದು ಹೃದಯಾಘಾತದಂತೆ ಕಾಣುತ್ತದೆ. ಹೃದಯಾಘಾತಕ್ಕೆ ಕೊಡುವ ಮುಖ್ಯ ಮದ್ದುಗಳೆಂದರೆ ರಕ್ತವನ್ನು ತೆಳುಗೊಳಿಸುವ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದುಗಳು. ತಲೆಯೊಳಗೆ ರಕ್ತ ಸೋರುತ್ತಿರುವಾಗ ಆ ಮದ್ದು ಬಿದ್ದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಜೊತೆಗೆ ಹೋದವರು ‘ಎದೆ ಹಿಡಿದುಕೊಂಡು ಬಿದ್ದರು’ ಎಂದಷ್ಟೇ ಹೇಳದೆ, ಬೀಳುವ ಮುನ್ನ ‘ತಲೆ’ ಎಂದರೋ, ವಾಂತಿಯಾಯಿತೋ, ಕತ್ತು ಬಿಗಿಯಿತೋ, ಫಿಟ್ಸ್ ಬಂದಿತೋ ಎಂಬುದನ್ನು ಕಂಡಂತೆಯೇ ಕ್ರಮವಾಗಿ ಹೇಳಬೇಕು. ಕಣ್ಣಾರೆ ಕಂಡವರು ಮನೆಯಲ್ಲಿಯೇ ಉಳಿದು, ಏನೂ ಕಾಣದ ನೆಂಟರೊಬ್ಬರು ಕಾರು ಓಡಿಸಿಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ಅದು ಬೇಡ. ಕಂಡವರೇ ಜೊತೆಗೆ ಹೋಗಲಿ. ಕಂಡವಳು ಮನೆಯ ಸೊಸೆಯೋ ಕೆಲಸದಾಕೆಯೋ ಆಗಿದ್ದರೂ ಸರಿಯೇ.

ಪಾರ್ಶ್ವವಾಯುವಿನ ವಿಚಾರ ಇನ್ನೂ ಹೆಚ್ಚು ಮನೆಗಳಿಗೆ ಸಂಬಂಧಿಸಿದ್ದು. ಮಿದುಳಿನ ಧಮನಿ ಮುಚ್ಚಿ ಪಾರ್ಶ್ವವಾಯುವಾದ ೮೪೬ ರೋಗಿಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರು ತಿಂಗಳೊಳಗೆ ಶೇಕಡಾ ೧೯ ಜನರಿಗೆ ಹೃದಯಕ್ಕೆ ಸಂಬಂಧಿಸಿದ ಗಂಭೀರ ತೊಂದರೆಯೊಂದಾದರೂ ಕಾಣಿಸಿಕೊಂಡಿತು. ಅತ್ಯಂತ ಹೆಚ್ಚಾಗಿ ಕಾಣಿಸಿಕೊಂಡದ್ದು ಎರಡನೆಯ ಮೂರನೆಯ ದಿನಗಳಲ್ಲಿ. ಇದನ್ನು ಓದುಗರು ನೆನಪಿಡಬೇಕು. ‘ಗಂಡಾಂತರ ಕಳೆಯಿತು, ನಾಳೆ ಮನೆಗೆ ಕರೆದೊಯ್ಯುತ್ತೇವೆ, ಇಲ್ಲೇಕೆ ದುಡ್ಡು ಸುರಿಯುವುದು’ ಎಂದು ಬಂಧುಗಳು ವೈದ್ಯರೊಡನೆ ವಾದಕ್ಕಿಳಿಯುವುದು ಹೆಚ್ಚಾಗಿ ಆ ಎರಡು ಮೂರು ದಿನಗಳಲ್ಲಿಯೇ. ಕಾಲು ಸ್ವಲ್ಪ ಆಡಿತೆಂದ ಮಾತ್ರಕ್ಕೆ ಎದೆಯ ಗಂಡಾಂತರ ಕಳೆದಿರುವುದಿಲ್ಲ.

ಇಲ್ಲಿ ಮತ್ತೊಂದು ತೊಡಕು. ಎದೆನೋವೆಂದು ಬಾಯಿಬಿಟ್ಟು ಹೇಳಬಲ್ಲವರಿಗೆ ನಾವು ಓಡಾಡುತ್ತೇವೆ. ಹೇಳಲಾರದವರ ಗತಿಯೇನು? ಎಡ ಮಿದುಳಿಗೆ ಪೆಟ್ಟಾದವರಲ್ಲಿ ಅನೇಕರಿಗೆ ಮಾತು ಬಿದ್ದುಹೋಗಿರುತ್ತದೆ. ‘ನೀರು’ ಎನ್ನಬೇಕಾದಲ್ಲಿ ‘ಬಾಗಿಲು’ ಎನ್ನುವವರು ‘ಎದೆ ಹಿಂಡುತ್ತಿದೆ’ ಎಂಬುದನ್ನು ಹೇಗೆ ತಿಳಿಸಿಯಾರು? ಬಲ ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ತಮಗೆ ರೋಗವಿದೆಯೆಂಬ ಅರಿವೇ ಮಸುಕಾಗಿರುತ್ತದೆ, ಕೇಳಿದರೆ ‘ನನಗೇನಾಗಿದೆ?’ ಎನ್ನುತ್ತಾರೆ. ನೆನಪು ಅಳಿದ ವೃದ್ಧರು ನೋವನ್ನು ಮರೆತುಬಿಡುತ್ತಾರೆ. ಬಹುದಿನದ ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮೊದ್ದಾಗಿ ನೋವೇ ಕಾಣಿಸದೆ ಹೃದಯಾಘಾತ ಆಗಿಹೋಗುವುದುಂಟು. ಇಂಥವರಲ್ಲಿ ಹೃದಯದ ಸಂಕಟ ಬೇರೆ ವೇಷದಲ್ಲಿ ಬರುತ್ತದೆ. ಅಂಗಾತ ಮಲಗಿಸಿದರೆ ಒದ್ದಾಡಿ ಏಳಲು ಹವಣಿಸುತ್ತಾರೆ, ದಿಂಬು ಏರಿಸಿದರೆ ಸಮಾಧಾನವಾಗುತ್ತಾರೆ. ತಣ್ಣನೆ ಬೆವರುತ್ತಾರೆ. ನಿನ್ನೆ ಉಂಡವರು ಇಂದು ತುತ್ತನ್ನು ತಳ್ಳುತ್ತಾರೆ. ಕಾರಣವಿಲ್ಲದೆ ರೇಗುತ್ತಾರೆ, ಅಥವಾ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ. ಒಂದೇ ಸಮನೆ ಕೈಯನ್ನು ಎದೆಯ ಮೇಲೋ ದವಡೆಯ ಮೇಲೋ ಒಯ್ಯುತ್ತಾರೆ. ‘ಹಟ ಮಾಡುತ್ತಿದ್ದಾರೆ’ ಎಂದು ಗದರಿ ಮಲಗಿಸುವುದಕ್ಕಿಂತ ಮುಂಚೆ ಮಣಿಕಟ್ಟಿನ ನಾಡಿಯನ್ನೊಮ್ಮೆ ಹಿಡಿದು ನೋಡಬೇಕು. ಅದು ತೀರ ವೇಗವಾಗಿದ್ದರೆ, ತೀರ ನಿಧಾನವಾಗಿದ್ದರೆ, ಏರುಪೇರಾಗಿದ್ದರೆ, ಉಸಿರು ಮೇಲುಸಿರಾಗಿದ್ದರೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ ಎಂದು ಕಾಯಬಾರದು.

ಅಪಸ್ಮಾರದಲ್ಲಿ ಸ್ಥಿತಿ ಬೇರೆ. ಮೈಯೆಲ್ಲ ಸೆಳೆಯುವ ದೊಡ್ಡ ಮೂರ್ಛೆಯ ಹೊತ್ತಿನಲ್ಲಿ ಅಡ್ರಿನಲಿನ್ ಪ್ರವಾಹ ಹರಿಯುವುದರಿಂದ ಕೆಲವರಲ್ಲಿ ಟಾಕೊತ್ಸುಬೊ ಕಾಣಿಸಿಕೊಳ್ಳುತ್ತದೆ. ಅದು ವಿರಳ. ಆದರೆ ಅಪಸ್ಮಾರವುಳ್ಳ ವಯಸ್ಕರಲ್ಲಿ ವರ್ಷಕ್ಕೆ ಸಾವಿರದಲ್ಲಿ ಸುಮಾರು ಒಬ್ಬರು ಬೇರಾವ ಕಾರಣವೂ ಇಲ್ಲದೆ ಹಠಾತ್ತನೆ, ಹೆಚ್ಚಾಗಿ ರಾತ್ರಿ ನಿದ್ರೆಯಲ್ಲಿ, ಅಸುನೀಗುತ್ತಾರೆಂಬುದು ಕಹಿಯಾದ ಸತ್ಯ. ದೊಡ್ಡ ಮೂರ್ಛೆಯ ಬೆನ್ನಿಗೆ ಮೊದಲು ಉಸಿರಾಟ ಸೋತು ನಂತರ ಹೃದಯ ನಿಂತುಹೋಗುವುದು, ಆಸ್ಪತ್ರೆಗಳ ಯಂತ್ರಗಳಲ್ಲಿ ದಾಖಲಾದ ಇಂಥ ಸಾವುಗಳಿಂದ ೨೦೧೩ರಲ್ಲಿ ತಿಳಿದುಬಂತು. ದೊಡ್ಡ ಮೂರ್ಛೆಗಳು ಎಷ್ಟು ಹೆಚ್ಚೋ ಅಪಾಯವೂ ಅಷ್ಟು ಹೆಚ್ಚು. ಹಾಗಾಗಿ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸದಿರುವುದೇ ಇಲ್ಲಿ ಹೃದಯದ ರಕ್ಷಣೆಯೂ ಹೌದು. ಮದುವೆಯ ಗದ್ದಲವೆಂದು, ಉಪವಾಸವೆಂದು, ಹೆಣ್ಣು ನೋಡಲು ಬರುವವರಿಗೆ ತಿಳಿಯಬಾರದೆಂದು ಮಾತ್ರೆ ಬಿಡಿಸುವ ಹಿರಿಯರಿದ್ದಾರೆ; ಅವರು ಯಾವ ಪಣವನ್ನು ಒಡ್ಡುತ್ತಿದ್ದಾರೆಂಬುದು ಅವರಿಗೆ ತಿಳಿದಿರಲಿ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ, ಇವೊಂದೂ ಬೇಡ. ಮಗ್ಗುಲಿಗೆ ಹೊರಳಿಸಿ, ಸೆಳೆತ ನಿಂತ ಮೇಲೂ ಉಸಿರಾಟ ಸರಾಗವಾಗುವ ತನಕ ಪಕ್ಕದಲ್ಲಿ ಕುಳಿತಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆ.

ಗೀಯಾಂ ಬಾರೆ ಎಂಬ, ಕಾಲಿನಿಂದ ಶುರುವಾಗಿ ಮೇಲಕ್ಕೇರುವ ನರದೌರ್ಬಲ್ಯವನ್ನು ಕೆಲವರು ಕೇಳಿರಬಹುದು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಸ್ವಾಯತ್ತ ನರಗಳೂ ಕೆಡುತ್ತವೆ. ಬಿ.ಪಿ. ಗಳಿಗೆಗೊಮ್ಮೆ ಏರಿ ಇಳಿಯುತ್ತದೆ, ನಾಡಿ ಒಮ್ಮೆಗೇ ಕುಸಿಯುತ್ತದೆ. ಉಸಿರಾಟ ಚೆನ್ನಾಗಿದ್ದರೂ ಅಂಥವರನ್ನು ತೀವ್ರನಿಗಾ ಘಟಕದಲ್ಲಿ ಇಟ್ಟುಕೊಳ್ಳುವುದು ಈ ಕಾರಣಕ್ಕಾಗಿಯೇ.

ಬೆನ್ನುಹುರಿಗೆ ಪೆಟ್ಟಾದವರ ಮಾತನ್ನೂ ಇಲ್ಲಿ ಸೇರಿಸುವುದು ಉಚಿತ. ಮಲೆನಾಡು ಕರಾವಳಿಗಳಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು, ಉಳಿದೆಡೆ ವಾಹನಾಪಘಾತದಿಂದ, ಬೆನ್ನುಹುರಿ ಮುರಿದ ತರುಣರು ಎಷ್ಟೋ ಮಂದಿ ಮನೆಯಲ್ಲಿ ಮಲಗಿದ್ದಾರೆ. ಎದೆಮಟ್ಟದ ಆರನೆಯ ಬೆನ್ನುಮೂಳೆ ಅಥವಾ ಅದಕ್ಕೂ ಮೇಲೆ ಪೆಟ್ಟಾಗಿದ್ದರೆ, ಮೂತ್ರಕೋಶ ತುಂಬಿಕೊಂಡದ್ದು, ಮಲ ಕಟ್ಟಿದ್ದು, ಬೆನ್ನಿನ ಹಾಸಿಗೆ ಹುಣ್ಣು, ಇಂಥ ಸಣ್ಣ ಕಾರಣಕ್ಕೂ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಚಿಮ್ಮುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಹಣೆಯಲ್ಲಿ ಬೆವರೊಡೆಯುತ್ತದೆ, ನಾಡಿ ಮಾತ್ರ ನಿಧಾನವಾಗುತ್ತದೆ. ತಕ್ಷಣ ರೋಗಿಯನ್ನು ಎತ್ತಿ ನೆಟ್ಟಗೆ ಕೂರಿಸಿ, ಕಾಲನ್ನು ಕೆಳಗಿಳಿಬಿಟ್ಟು, ಉಡುಪು ಸಡಿಲಿಸಿ, ಮೂತ್ರದ ನಳಿಗೆ ಮಡಚಿಕೊಂಡಿದೆಯೇ, ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಎಷ್ಟೋ ಸಲ ಮಡಚಿದ ಆ ನಳಿಗೆಯನ್ನು ನೇರಮಾಡಿದೊಡನೆಯೇ ಒತ್ತಡ ಇಳಿಯುತ್ತದೆ. ಇಳಿಯದಿದ್ದರೆ ವಿಳಂಬಿಸದೆ ಆಸ್ಪತ್ರೆಗೆ ಹೋಗಬೇಕು. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸುವುದು ಮಾತ್ರ ಸರ್ವಥಾ ಸಲ್ಲದು. ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ.

ಇನ್ನು ಚಿಕಿತ್ಸೆ. ಟಾಕೊತ್ಸುಬೊವಿಗೆಂದೇ ಪ್ರತ್ಯೇಕವಾದ ಮದ್ದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಅದನ್ನಿಳಿಸುವುದು, ಬಳಲಿದ ಹೃದಯದ ಹೊರೆ ತಗ್ಗಿಸುವುದು, ಉಬ್ಬಿದ ತಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಮಿದುಳಿಗೆ ಹಾರದಂತೆ ನೋಡಿಕೊಳ್ಳುವುದು, ನಾಡಿಯ ಲಯವನ್ನು ಕಾಯುವುದು, ಇಷ್ಟೇ. ಜೊತೆಗೆ ಮೂಲರೋಗಕ್ಕೆ, ಎಂದರೆ ರಕ್ತಸ್ರಾವಕ್ಕೋ ಅಪಸ್ಮಾರಕ್ಕೋ, ಮದ್ದಾಗಬೇಕು. ಬಹಳಷ್ಟು ಜನರಲ್ಲಿ ಹೃದಯ ಕೆಲವು ವಾರಗಳಲ್ಲಿ ಮರಳಿ ಚೇತರಿಸಿಕೊಳ್ಳುತ್ತದೆ. ಇದು ಈ ರೋಗದ ದೊಡ್ಡ ಸಮಾಧಾನ. ಆದರೆ ಅದನ್ನೇ ನೆಚ್ಚಿ ಹಗುರವಾಗಿ ಎಣಿಸುವಂತಿಲ್ಲ. ಮೊದಲ ದಿನಗಳಲ್ಲಿ ಇದರ ಗಂಡಾಂತರ ಸಾಮಾನ್ಯ ಹೃದಯಾಘಾತದ ಗಂಡಾಂತರಕ್ಕೆ ಸರಿಸಮವೆಂದು ೨೦೧೫ರ ಅದೇ ಅಧ್ಯಯನ ತೋರಿಸಿದೆ. ಕೆಲವರಲ್ಲಿ ವರ್ಷಗಳ ಮೇಲೆ ಮತ್ತೆ ಬರುವುದೂ ಉಂಟು.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಇದನ್ನೋದಿದವರು ‘ನಮ್ಮ ಅಜ್ಜಿಗೆ ಬಂದದ್ದು ದುಃಖದ ಎದೆನೋವು, ಧಮನಿಯದಲ್ಲ’ ಎಂದು ಮನೆಯಲ್ಲಿಯೇ ತೀರ್ಮಾನಿಸಬಾರದು. ಪಾರ್ಶ್ವವಾಯುವನ್ನು ತರುವ ರಕ್ತದೊತ್ತಡ, ಸಕ್ಕರೆ, ಹೊಗೆಸೊಪ್ಪುಗಳೇ ಹೃದಯದ ಧಮನಿಯನ್ನೂ ಮುಚ್ಚುತ್ತವೆ. ಹೊರಗಿನಿಂದ ಎರಡರ ಲಕ್ಷಣವೂ ಒಂದೇ. ಯಾವುದೆಂದು ಹೇಳಬೇಕಾದದ್ದು ಇ.ಸಿ.ಜಿ., ಎಕೋ, ರಕ್ತಪರೀಕ್ಷೆ, ಬಹುಮಟ್ಟಿಗೆ ಆಂಜಿಯೋಗ್ರಾಂ. ಟಾಕೊತ್ಸುಬೊ ಎಂಬ ಹೆಸರು ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಕೊಡುವ ಹೆಸರು, ಮೊದಲೇ ಕೊಡುವುದಲ್ಲ.

ಕಡೆಯದಾಗಿ, ರೋಗಿಯ ಮಂಚದ ಪಕ್ಕದಲ್ಲಿ ಕುಳಿತವರ ಮಾತು. ಈ ರೋಗ ಹೆಚ್ಚಾಗಿ ಹುಡುಕಿಕೊಂಡು ಬರುವುದು ಮುಟ್ಟು ನಿಂತ ಸ್ತ್ರೀಯರನ್ನು ಎಂದೆವಷ್ಟೆ. ನಮ್ಮ ಮನೆಗಳಲ್ಲಿ ಪಾರ್ಶ್ವವಾಯುವಿನ ಯಜಮಾನರಿಗೆ ಉಣಿಸುವವರು, ತೊಳೆಯುವವರು, ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಬದಲಿಸುವವರು ಯಾರು? ಹೆಚ್ಚಾಗಿ ಅದೇ ವಯಸ್ಸಿನ ಮಡದಿ, ಅಥವಾ ಅಕ್ಕ. ಅವರಿಗೆ ಎದೆ ಹಿಡಿದರೆ ‘ಗ್ಯಾಸ್’ ಎಂದು ಓಮಿನ ನೀರು ಕುಡಿದು ಮತ್ತೆ ಕೆಲಸಕ್ಕೇಳುತ್ತಾರೆ. ಮನೆಯವರೂ ಹಾಗೆಯೇ ನಂಬುತ್ತಾರೆ. ರೋಗಿಯನ್ನು ತಪಾಸಣೆಗೆ ಕರೆದೊಯ್ಯುವ ದಿನ ಅವರ ಬಿ.ಪಿ.ಯನ್ನೂ ನೋಡಿಸಿ, ಒಂದು ಇ.ಸಿ.ಜಿ.ಯನ್ನೂ ತೆಗೆಸುವುದಕ್ಕೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ವಾರಕ್ಕೆರಡು ರಾತ್ರಿಯಾದರೂ ಮಗನೋ ಮೊಮ್ಮಗನೋ ಆ ಪಾಳಿಯನ್ನು ವಹಿಸಿಕೊಂಡು ಅವರಿಗೆ ಪೂರ್ತಿ ನಿದ್ರೆ ಕೊಡಿಸಬೇಕು.

ರೋಗಿಯ ಹಳೆಯ ಇ.ಸಿ.ಜಿ. ಪ್ರತಿಯನ್ನು ನರರೋಗದ ಕಡತದಲ್ಲಿಯೇ ಸೇರಿಸಿಡಿ. ಹೊಸದನ್ನು ಹಳೆಯದರೊಡನೆ ಹೋಲಿಸಿ ನೋಡಿದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಆ ಪ್ರತಿ ಕೆಲವು ತಿಂಗಳಲ್ಲಿ ಮಾಸಿಹೋಗುವಂಥ ಕಾಗದದ ಮೇಲಿರುವುದರಿಂದ ಅದರ ಜೆರಾಕ್ಸ್ ತೆಗೆಸಿಟ್ಟುಕೊಳ್ಳಬೇಕು. ನುಂಗುತ್ತಿರುವ ಮಾತ್ರೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದು ಅದರೊಡನಿಡಿ. ಮನಸ್ಸಿನ ಬೇನೆಗೆ, ವಾಂತಿಗೆ, ಸೋಂಕಿಗೆ ಕೊಡುವ ಕೆಲವು ಔಷಧಗಳು ಬಳಲಿದ ಹೃದಯದ ಲಯವನ್ನು ಕೆಡಿಸುತ್ತವೆಯಾದ್ದರಿಂದ ಎರಡೂ ಕಡೆಯ ವೈದ್ಯರು ಆ ಹಾಳೆಯನ್ನು ನೋಡುವುದು ಅಗತ್ಯ. ಪಾರ್ಕಿನ್ಸನ್ ರೋಗಿಗಳು ಎದ್ದುನಿಂತೊಡನೆ ಬಿ.ಪಿ. ಇಳಿದು ತಲೆಸುತ್ತಿ ಬೀಳುವ ತೊಂದರೆ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಅದನ್ನು ಬರುವ ಸಂಚಿಕೆಯಲ್ಲಿ ನೋಡೋಣ.